ನಿರ್ಜನ ಎಂದು ಬರೆದ ಊರು

ಜನವರಿ 9

ಅಪ್ಪನಿಗೆ ನಮಸ್ಕಾರ. ಅಮ್ಮನಿಗೂ.

ತಲುಪಿದೆ. ಮೊದಲು ಬಸ್ಸು, ಆಮೇಲೆ ಲಾರಿ, ಆಮೇಲೆ ನಾಲ್ಕು ಗಂಟೆ ನಡಿಗೆ, ಕೊನೆಗೆ ದೋಣಿ. ಇಲ್ಲಿಗೆ ಬಂದ ಮೇಲೆ ನನ್ನ ಮೊಬೈಲು ಬರೀ ಟಾರ್ಚ್ ಆಗಿಬಿಟ್ಟಿದೆ. ಹಾಗಾಗಿ ನಿಮ್ಮ ಕಾಲದವರಂತೆ ಕಾಗದ ಬರೆಯಲು ಕೂತಿದ್ದೇನೆ. ವಾರಕ್ಕೊಮ್ಮೆ ದೋಣಿಯಲ್ಲಿ ಟಪಾಲು ಹೋಗುತ್ತದಂತೆ.

ಎಲ್ಲಿ ನಿಂತು ನೋಡಿದರೂ ತಗ್ಗು ನೆಲ. ಜೊಂಡು, ಕೆಸರು, ನೀರು. ಗುಡ್ಡ ಎಂದರೇನೆಂದು ಇಲ್ಲಿಯ ಮಕ್ಕಳಿಗೆ ಕೈಯಲ್ಲಿ ಅಭಿನಯಿಸಿ ತೋರಿಸಬೇಕಾಯಿತು. ಅವರು ನಕ್ಕರು, ನಂಬಲಿಲ್ಲ. ಮನೆಗಳೆಲ್ಲ ಆಳೆತ್ತರದ ಕಂಬಗಳ ಮೇಲೆ ನಿಂತಿವೆ. ಗೋಡೆ ಎಂದರೆ ಜೊಂಡಿನ ತಟ್ಟಿ, ನೆಲ ಎಂದರೆ ಹಲಗೆ. ಮನೆಯ ಕೆಳಗೆ ಬಾತುಕೋಳಿ, ಬಲೆ, ಬುಟ್ಟಿ. ನಾನಿರುವುದು ಚಾಪೆ ಹೆಣೆಯುವ ಒಬ್ಬ ಅಕ್ಕನ ಮನೆಯಲ್ಲಿ. ಎಲ್ಲರೂ ಅವಳನ್ನು ಚಾಪೆಯಕ್ಕ ಎನ್ನುತ್ತಾರೆ. ಬಾಯಿ ಸ್ವಲ್ಪ ಜೋರು, ಕೈ ಅದಕ್ಕಿಂತ ಜೋರು. ಮಾತಾಡುತ್ತ ಮಾತಾಡುತ್ತಲೇ ಒಂದು ಗೋಡೆ ಹೆಣೆದು ಮುಗಿಸುತ್ತಾಳೆ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ: ಗ್ರಾಮಪಟ್ಟಿಗೆ ಈ ಊರಿನ ಪರಿಚಯ ಬರೆಯುವುದು. ಎಷ್ಟು ಮನೆ, ಎಷ್ಟು ಜನ, ಕುಡಿಯುವ ನೀರು ಎಲ್ಲಿಂದ, ಶಾಲೆ ಎಷ್ಟು ದೂರ. ಅರವತ್ತಮೂರು ಮನೆ ಎಣಿಸಿದೆ. ಆಮೇಲೆ ಕಚೇರಿ ಕೊಟ್ಟ ಹಳೆಯ ನಕ್ಷೆಯ ಹಾಳೆ ಬಿಡಿಸಿದರೆ ಮೂಲೆಯಲ್ಲಿ ನಿಮ್ಮ ಸಹಿ! ಕುಣಿದುಬಿಟ್ಟೆ. ಆದರೆ ಮೂವತ್ತೆರಡು ವರ್ಷದ ಹಿಂದೆ ಇದೇ ದಡದ ಮೇಲೆ ನೀವು ಬರೆದಿರುವುದು: "ನಿರ್ಜನ. ಹಾಳುಬಿದ್ದ ಕಂಬಗಳು ಮಾತ್ರ."

ಇಲ್ಲಿಯವರು ಮುತ್ತಜ್ಜನ ಕಾಲದಿಂದ ಇಲ್ಲೇ ಇದ್ದೇವೆ ಎನ್ನುತ್ತಾರೆ. ಏನಿದು ಅಪ್ಪ?

ನಿಮ್ಮ ಮಗಳು

*

ಜನವರಿ 21

ಮಗಳಿಗೆ ಆಶೀರ್ವಾದ.

ಕಾಗದ ಬಂತು. ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ನಕ್ಷೆ ಬರೆಯುವವನ ಮಗಳೆಂದು ಯಾರಿಗೂ ಹೇಳಬೇಡ.

ಮೊದಲ ಸಲ ಒಬ್ಬಳೇ ಊರು ಬರೆಯುತ್ತಿದ್ದೀಯ, ಎರಡು ಮಾತು ಕೇಳಿಕೋ. ನೀರಿನ ವಿಷಯ ಹೆಂಗಸರನ್ನು ಕೇಳು, ಗಂಡಸರು ಬಾವಿ ಹತ್ತಿರವಿದೆ ಎಂದೇ ಹೇಳುತ್ತಾರೆ. ದೂರವನ್ನು ಹೊರೆ ಹೊತ್ತವರ ಹತ್ತಿರ ಕೇಳು, ಕೈಬೀಸಿಕೊಂಡು ನಡೆಯುವವನಿಗೆ ಎಲ್ಲ ಊರೂ ಪಕ್ಕದ್ದೇ. ಇನ್ನು ಮುತ್ತಜ್ಜನ ಕಾಲ ಎಂಬ ಮಾತನ್ನು ಯಾವ ಊರಲ್ಲೂ ನಂಬಬೇಡ. ನಿನ್ನೆ ಬಿಡಾರ ಹೂಡಿದವನಿಗೂ ಒಬ್ಬ ಮುತ್ತಜ್ಜ ಇದ್ದೇ ಇರುತ್ತಾನೆ.

ನಿರ್ಜನ ಎಂದು ನಾನು ಬರೆದಿದ್ದರೆ ಆ ದಿನ ಅಲ್ಲಿ ನರಪಿಳ್ಳೆಯೂ ಇರಲಿಲ್ಲ ಎಂದೇ ಅರ್ಥ. ಅವರು ಆಮೇಲೆ ಬಂದವರು, ಹಾಗೆಂದೇ ಬರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾನು ಎರಡನ್ನೂ ಮಾಡಿದವನು. ನೂರನಲವತ್ತು ಹಾಳೆಗಳಲ್ಲಿ ಒಂದು ಗೆರೆಯನ್ನೂ ಯಾರೂ ಇವತ್ತಿನವರೆಗೆ ಅಲುಗಾಡಿಸಿಲ್ಲ.

ಹೊಸಬರಿಗಾಗಿ ನಾನು ಬರೆದ ಕೈಪಿಡಿ ಮೇ ತಿಂಗಳಲ್ಲಿ ಅಚ್ಚಿಗೆ ಹೋಗುತ್ತದೆ. ಮೊದಲ ವಾಕ್ಯ ನಿನಗೆ ಬಾಯಿಪಾಠ ಇರಬೇಕು: ಕಾಲಿಡದ ನೆಲವನ್ನು ಬರೆಯಬೇಡ. ಅಮ್ಮ ಕ್ಷೇಮ. ಸೊಳ್ಳೆಪರದೆ ಮರೆತು ಹೋದೆಯೆಂದು ದಿನಕ್ಕೆರಡು ಸಲ ಹೇಳುತ್ತಾಳೆ.

ಅಪ್ಪ

*

ಫೆಬ್ರವರಿ 16

ಅಪ್ಪ,

ಒಗಟು ಬಿಡಿಸಿದೆ! ಕೂತು ಓದಿ.

ಸೋಮವಾರ ಬೆಳಿಗ್ಗೆ ಎದ್ದರೆ ನಾನು ಮಲಗಿದ್ದ ಕೋಣೆಗೆ ಗೋಡೆ ಇಲ್ಲ. ಚಾಪೆಯಕ್ಕ ಹೊರಗೆ ನಿಂತು ತಟ್ಟಿಯನ್ನು ಸುರುಳಿ ಸುತ್ತುತ್ತಿದ್ದಾಳೆ.

"ಇದೇನಕ್ಕ, ಮನೆ ಕೀಳ್ತಿದೀರ?"

"ಕೀಳೋದೇನು ಬಂತು, ಜೊತೇಲಿ ಕರ್ಕೊಂಡು ಹೋಗ್ತಿದೀವಿ. ಹೊಳೆ ಇಳೀತು, ಇನ್ನು ಇಲ್ಲಿ ಮೀನೆಲ್ಲಿರತ್ತೆ? ಮೀನು ಹೋದ ಕಡೆ ನಾವು, ನಾವು ಹೋದ ಕಡೆ ಮನೆ. ಏಳು, ನಿನ್ನ ಕೆಳಗಿನ ಹಲಗೆ ಬೇಕು."

ಮೂರೇ ದಿನ. ತಟ್ಟಿ, ಸೂರು, ಹಲಗೆ, ಬಾಗಿಲು ಎಲ್ಲ ದೋಣಿಗೇರಿ ಅಳಿವೆಯ ಕಡೆ ಹೋದವು. ಕಂಬ ಮಾತ್ರ ಭಾರ, ಅದನ್ನು ಯಾರೂ ಹೊರುವುದಿಲ್ಲ. ಮಳೆ ಬಿದ್ದು ಹೊಳೆ ಏರಿದಾಗ ವಾಪಸು ಬಂದು ಅವರವರ ಕಂಬಕ್ಕೆ ಅವರವರ ಮನೆ ಕಟ್ಟಿಕೊಳ್ಳುತ್ತಾರೆ. ಈಗ ನನ್ನೆದುರು ಅರವತ್ತಮೂರು ಮನೆಯ ಬೋಳು ಕಂಬಗಳು ನಿಂತಿವೆ. ನಿಮ್ಮ ಹಾಳೆಯ ತಾರೀಖು ನೋಡಿದೆ, ಫೆಬ್ರವರಿ 27. ನೀವು ಕಂಡ ಹಾಳು ಕಂಬಗಳು ಇವೇ ಅಪ್ಪ!

ಒಂದು ಮಾತ್ರ ಹೊಂದುತ್ತಿಲ್ಲ. ಎಲ್ಲರೂ ಹೋಗುವುದಿಲ್ಲ. ಐದಾರು ಮುದುಕರು ಬಾತುಕೋಳಿ ನೋಡಿಕೊಂಡು ಜೊಂಡಿನ ಹಿಂದಿನ ಗುಡಿಸಲಲ್ಲಿ ಉಳಿಯುತ್ತಾರೆ, ಪ್ರತಿ ವರ್ಷವೂ. ಸದ್ಯಕ್ಕೆ ನಾನೂ ಅವರ ಜೊತೆಗೇ ಇದ್ದೇನೆ. ಒಲೆಗಳಿಗೆ ಮಡಕೆ ಕವುಚಿಟ್ಟಿದ್ದಾರೆ, ಕಂಬಗಳಿಗೆ ಹುಳ ಹಿಡಿಯದಂತೆ ಎಣ್ಣೆ ಬಳಿದಿದ್ದಾರೆ. ಹತ್ತು ಹೆಜ್ಜೆ ನಡೆದರೆ ಕಾಲಿಗೆ ಬಾತುಕೋಳಿ ಸಿಕ್ಕುತ್ತದೆ. ಪಕ್ಕದ ಮನೆಯ ಹಂಚು ಸರಿದಿದ್ದನ್ನು ಬೀದಿಯಿಂದಲೇ ಹೇಳುವ ನೀವು ಇದನ್ನೆಲ್ಲ ಹೇಗೆ ಕಾಣದೆ ಹೋದಿರಿ? ಆ ವರ್ಷ ಮುದುಕರೂ ಹೋಗಿದ್ದರೋ ಏನೋ, ನೆನಪು ಮಾಡಿಕೊಂಡು ಬರೆಯಿರಿ.

ತಮಾಷೆಗೆ ಕೇಳುತ್ತಿಲ್ಲ. ಈ ದಡವನ್ನು ಸೀಗಡಿ ಸಾಕುವ ಕಂಪನಿಯೊಂದು ಕೇಳಿದೆ. ಹಳೆಯ ನಕ್ಷೆಯಲ್ಲಿ ನಿರ್ಜನ ಎಂದಿದ್ದರೆ ಈಗಿರುವವರು ಒತ್ತುವರಿದಾರರು, ಎಬ್ಬಿಸಬಹುದು. ಮೇ ಹತ್ತಕ್ಕೆ ವಿಚಾರಣೆ. ಅಷ್ಟರೊಳಗೆ ಹಾಳೆ ತಿದ್ದುಪಡಿಯಾಗಬೇಕು. ಬರೆದವರು ಬದುಕಿದ್ದರೆ ಅವರೇ ತಪ್ಪಾಯಿತೆಂದು ಬರೆದುಕೊಡಬೇಕು. ಹೊಸ ಸರ್ವೆಗೆ ಕಾದರೆ ನಾಲ್ಕು ವರ್ಷ.

ನಗುವುದಕ್ಕೊಂದು ಕಥೆ ಹೇಳಿ ಮುಗಿಸುತ್ತೇನೆ. ಇಲ್ಲಿಯ ದೋಣಿಯಜ್ಜ ಚಪ್ಪಲಿ ಬಿಚ್ಚದವರನ್ನು ದೋಣಿಗೆ ಹತ್ತಿಸುವುದಿಲ್ಲ, ಹಲಗೆ ಹಾಳಾಗುತ್ತದಂತೆ. ಅವನು ಹರೆಯದವನಾಗಿದ್ದಾಗ ಒಬ್ಬ ಸಾಹೇಬ ಬಂದಿದ್ದನಂತೆ, ಲಾಳ ಹೊಡೆದ ಹೊಸ ಬೂಟು. "ಬಿಚ್ಚಿ ಸ್ವಾಮಿ ಅಂದೆ. ನಾನ್ಯಾರು ಗೊತ್ತಾ ಅಂದ. ಯಾರಾದ್ರೇನು, ನೀರಿಗೆ ಗೊತ್ತಿರಲ್ಲ ಅಂದೆ. ತಿರುಗಿ ಹೋದ ನೋಡಿ, ಬಂದಷ್ಟೂ ದಾರಿ!" ಯಾವ ಇಲಾಖೆಯ ಮಹಾನುಭಾವನೋ.

ನಿಮ್ಮ ಮಗಳು

*

ಮಾರ್ಚ್ 8

ಪುಟ್ಟೀ,

ನಿಮ್ಮಪ್ಪ ಉತ್ತರ ಬರೆಯುವುದಿಲ್ಲ ಅನ್ನಿಸಿ ನಾನೇ ಬರೆಯುತ್ತಿದ್ದೇನೆ. ಅಂಥದ್ದೇನು ಬರೆದೆ ನೀನು? ಕಾಗದ ಓದಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಈ ಮನೆಯಲ್ಲಿ ಕಪಾಟಿಗೆ ಬೀಗವಿದೆ ಎಂದು ನನಗೆ ಗೊತ್ತಾಗಿದ್ದೇ ಆವತ್ತು. ಕೈಪಿಡಿಯ ಕರಡು ಮೇಜಿನ ಮೇಲೆ ಹಾಗೇ ಬಿದ್ದಿದೆ. ಅಚ್ಚುಮನೆಯವರು ಎರಡು ಸಲ ಬಂದು ಹೋದರು. ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಾರೆ, ತಿನ್ನುವುದಿಲ್ಲ.

ನಿನ್ನೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಹಿಂದೆ ಬಂದು ನಿಂತು, "ಆ ದೋಣಿಯವನು ಇನ್ನೂ ಬದುಕಿದಾನಂತೆ ಕಣೆ" ಅಂದರು. ಯಾವ ದೋಣಿಯವನು ಎಂದು ಕೇಳುವಷ್ಟರಲ್ಲಿ ಒಳಗೆ ಹೋಗಿಬಿಟ್ಟರು.

ಇನ್ನೇನಾದರೂ ಬರೆಯುವುದಿದ್ದರೆ ಮೆತ್ತಗೆ ಬರೆ. ಸೊಳ್ಳೆಪರದೆ ಕಳಿಸಿದ್ದೇನೆ.

ಅಮ್ಮ

*

ಮಾರ್ಚ್ 19

ಅಪ್ಪನಿಗೆ,

ಅಮ್ಮ ಮೆತ್ತಗೆ ಬರೆ ಎಂದಿದ್ದಾಳೆ. ನಾಲ್ಕು ಹಾಳೆ ಹರಿದು ಹಾಕಿದೆ, ಮೆತ್ತಗೆ ಬರಲಿಲ್ಲ.

ನೀವು ಹೊಳೆ ದಾಟಲಿಲ್ಲ. ಆಚೆ ದಡದಲ್ಲಿ ನಿಂತು ದುರ್ಬೀನಿನಲ್ಲಿ ಕಂಬ ನೋಡಿ ಬರೆದಿರಿ.

ನಿಮ್ಮ ಫೋಟೊ ನನ್ನ ಪರ್ಸಿನಲ್ಲೇ ಇದೆ. ದೋಣಿಯಜ್ಜನಿಗೆ ತೋರಿಸಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ತೋರಿಸುವುದಿಲ್ಲ. ಅಪ್ಪನ ಮುಖವನ್ನು ಸಾಕ್ಷಿಗೆ ಹಿಡಿದು ನಿಲ್ಲಿಸಲು ನನ್ನಿಂದಾಗದು. ನನಗೆ ಕೋಪ ಬಂದಿದೆ, ನಾಚಿಕೆಯೂ ಆಗಿದೆ. ಶಾಲೆಯಲ್ಲಿ ನಮ್ಮಪ್ಪ ನಡೆಯದ ನೆಲವೇ ಇಲ್ಲ ಎಂದು ಎಷ್ಟು ಜನರ ಹತ್ತಿರ ಜಗಳ ಕಾದಿದ್ದೆ ಗೊತ್ತಾ ನಿಮಗೆ?

ಆದರೂ ನೀವು ಬರೆದುಕೊಡುತ್ತೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ವಿಚಾರಣೆ ಮೇ ಹತ್ತಕ್ಕೆ.

ಮಗಳು

*

ಏಪ್ರಿಲ್ 2

ಮಗಳಿಗೆ ಆಶೀರ್ವಾದ.

ನಿನ್ನ ಧಾಟಿ ನನಗೆ ಹಿಡಿಸಲಿಲ್ಲ. ಇರಲಿ.

ಕಚೇರಿಯ ರೀತಿನೀತಿ ನಿನಗಿಂತ ನನಗೆ ಹೆಚ್ಚು ಗೊತ್ತು. ಒಂದು ದಾರಿಯಿದೆ. ನಿನ್ನ ವರದಿಯಲ್ಲಿ "ಋತುಮಾನಕ್ಕೆ ತಕ್ಕಂತೆ ವಾಸವಿರುವ ಊರು" ಎಂದು ಬರೆ. ಹಳೆಯ ಹಾಳೆಯ ತಂಟೆಗೇ ಹೋಗಬೇಡ. ಫೆಬ್ರವರಿಯಲ್ಲಿ ಯಾರೂ ಇರಲಿಲ್ಲ ಎನ್ನುವುದೂ ನಿಜ, ಜನವರಿಯಲ್ಲಿ ಇದ್ದರು ಎನ್ನುವುದೂ ನಿಜ. ಇಬ್ಬರ ಮಾತೂ ನಿಲ್ಲುತ್ತದೆ. ಮೇಲಿನವರಲ್ಲಿ ಇಬ್ಬರು ನನ್ನ ಕೈಕೆಳಗೆ ಕಲಿತವರು, ನಾನು ಒಂದು ಮಾತು ಹೇಳುತ್ತೇನೆ.

ಒಂದು ಹಾಳೆ ಸುಳ್ಳೆಂದರೆ ನೂರನಲವತ್ತೂ ಸುಳ್ಳೆನ್ನುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅದು ನಿನಗೆ ಅರ್ಥವಾಗುವ ವಯಸ್ಸಲ್ಲ.

ಅಪ್ಪ

*

ಏಪ್ರಿಲ್ 11

ಅಪ್ಪ,

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿಲ್ಲ, ಅಲ್ಲವೇ?

ನಿಮ್ಮ ದಾರಿ ಆಗುವುದಿಲ್ಲ. ಋತುಮಾನದ ವಾಸ ಎಂದು ಬರೆದರೆ ಬಂದು ಹೋಗುವ ಬಿಡಾರದವರು ಎನ್ನುತ್ತಾರೆ. ಬಿಡಾರದವರನ್ನು ಎಬ್ಬಿಸಲು ನೋಟಿಸೂ ಬೇಡ. ಫೆಬ್ರವರಿಯಲ್ಲಿ ಯಾರೂ ಇರಲಿಲ್ಲ ಎನ್ನುವುದು ನಿಜವೂ ಅಲ್ಲ. ಆವತ್ತು ಇಲ್ಲಿ ಉಳಿದಿದ್ದವರಲ್ಲಿ ಚಾಪೆಯಕ್ಕನ ಅಜ್ಜಿಯೂ ಒಬ್ಬಳು. ಆಚೆ ದಡದಲ್ಲಿ ಯಾರೋ ನಿಂತದ್ದು ಕಂಡು ಕೈ ಬೀಸಿದ್ದಳಂತೆ. ಯಾರೋ ದಾರಿ ತಪ್ಪಿದವನು, ಪಾಪ, ಎಂದುಕೊಂಡಳಂತೆ.

ಮೊನ್ನೆ ಅಳಿವೆಗೆ ಹೋಗಿ ಚಾಪೆಯಕ್ಕನಿಗೆ ಎಲ್ಲ ಹೇಳಿದೆ. ಆ ಹಾಳೆ ಬರೆದವರು ನಮ್ಮಪ್ಪ ಎಂದೂ ಹೇಳಿದೆ. ನನ್ನನ್ನು ಮನೆಯಿಂದ ಆಚೆ ಹಾಕುತ್ತಾಳೆಂದು ಕಾದು ಕೂತೆ. ಅವಳು ಮೀನು ಹರವುವುದನ್ನು ನಿಲ್ಲಿಸಲೇ ಇಲ್ಲ.

"ನಿಮ್ಮಪ್ಪನಿಗೆ ಒಂದು ಮಾತು ಬರಿ," ಅಂದಳು. "ನಾವು ಇದ್ದದ್ದು ಸುಳ್ಳು ಅಂತ ಅವರು ಬರೆದರೂ ನಾವು ಇದ್ವಿ. ಇನ್ನೂ ಇರ್ತೀವಿ. ಅವರು ತಿದ್ದಿದ್ರೆ ಸ್ವಲ್ಪ ಸುಲಭ, ಅಷ್ಟೇ."

ಅಷ್ಟು ಗಟ್ಟಿಯಾಗಿ ಮಾತಾಡಿದವಳು ಆಮೇಲೆ ಬುಟ್ಟಿಯ ಹಿಂದೆ ಮುಖ ಮರೆಮಾಡಿಕೊಂಡು ಕಣ್ಣೊರೆಸಿಕೊಂಡಳು. ನಾನು ನೋಡಿದೆ. ಅವಳಿಗೆ ಗೊತ್ತಾಗಲಿಲ್ಲ.

ಇಪ್ಪತ್ತೊಂಬತ್ತು ದಿನ ಉಳಿದಿದೆ.

ಮಗಳು

*

ಏಪ್ರಿಲ್ 24

ಮಗಳಿಗೆ,

ಇದರ ಜೊತೆಗಿರುವ ಕಾಗದ ಕಚೇರಿಗೆ. ಎರಡು ಪ್ರತಿ ಇದೆ. ಒಂದನ್ನು ನಾನೇ ರಿಜಿಸ್ಟರ್ ಟಪಾಲಿನಲ್ಲಿ ನೇರವಾಗಿ ಹಾಕಿದ್ದೇನೆ, ನಿನ್ನ ದೋಣಿಯನ್ನು ನಂಬಿ ಕೂರುವಂತಿಲ್ಲ. ಅದರಲ್ಲಿ ಬರೆದಿರುವುದು ಇಷ್ಟೇ: "ಆ ದಿನ ನಾನು ಹೊಳೆ ದಾಟಲಿಲ್ಲ. ಆಚೆ ದಡದಿಂದ ದುರ್ಬೀನಿನಲ್ಲಿ ನೋಡಿ, ನಡೆದು ನೋಡಿದೆನೆಂದು ಬರೆದೆ. ನಿರ್ಜನ ಎಂಬ ಮಾತಿಗೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ."

ನಿನಗೆ ಉಳಿದದ್ದನ್ನೂ ಹೇಳಬೇಕು. ಜ್ವರವಿತ್ತು, ಪ್ರವಾಹವಿತ್ತು ಎಂದು ಬರೆಯಲು ಮೂರು ದಿನ ಕೂತೆ. ಯಾವುದೂ ಇರಲಿಲ್ಲ. ಬೂಟು ಇತ್ತು. ಹೊಸದಾಗಿ ಸಾಹೇಬನಾಗಿದ್ದೆ, ಜೊತೆಗೆ ಅಳತೆಯ ಸರಪಳಿ ಹಿಡಿಯುವ ಇಬ್ಬರು ಆಳುಗಳಿದ್ದರು, ಅವರ ಮುಂದೆ ಒಬ್ಬ ದೋಣಿಯವನು ನನಗೆ ಬುದ್ಧಿ ಹೇಳಿದ. ಬಿಚ್ಚಿದ್ದರೆ ಎರಡು ನಿಮಿಷದ ಕೆಲಸ. ವಾಪಸು ಬರುವಾಗ ಆಳುಗಳಿಗೆ, "ಅಲ್ಲಿ ಏನಿದೆ ಮಣ್ಣು" ಎಂದೆ. ಹೌದು ಸ್ವಾಮಿ ಎಂದರು. ಹೌದೆನ್ನದೆ ಅವರೇನು ಮಾಡಿಯಾರು?

ಆ ಮುದುಕಿ ಕೈ ಬೀಸಿದ್ದು ಕಂಡಿತ್ತು.

ಆ ಒಂದು ಮಾತನ್ನು ಕಚೇರಿಗೂ ಸೇರಿಸಿ ಬರೆದಿದ್ದೇನೆ. ದುರ್ಬೀನಿನಲ್ಲಿ ಒಬ್ಬ ಹೆಂಗಸು ಕಂಡಳು, ನಾನು ಅವಳನ್ನು ಬರೆಯಲಿಲ್ಲ. ಮೂವತ್ತೆರಡು ವರ್ಷ ಅದನ್ನು ಕೊಕ್ಕರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಿನ್ನ ಕಾಗದ ಓದಿದ ದಿನ ಅವಳ ಕೈ ಮತ್ತೆ ಕಣ್ಣಿಗೆ ಬಂತು, ಬಳೆ ಸಮೇತ. ನಿನಗೆ ನಾಚಿಕೆಯಾಯಿತು ಎಂದೆಯಲ್ಲ. ನನಗೆ ಆಗಿದ್ದು ಅದಕ್ಕಿಂತ ಹೆಚ್ಚು. ಮಗಳ ಮುಂದೆ ಹೀಗೆ ಬರೆಯುವುದು ಕಷ್ಟ, ಆದರೆ ಬರೆದ ಮೇಲೆ ರಾತ್ರಿ ನಿದ್ದೆ ಬಂತು.

ಕೈಪಿಡಿ ಅಚ್ಚಾಗುವುದು ಬೇಡ ಎಂದು ಅಚ್ಚುಮನೆಗೆ ಹೇಳಿಬಂದೆ.

ಅಪ್ಪ

*

ಮೇ 13

ಅಪ್ಪ, ಅಮ್ಮ,

ಗೆದ್ದೆವು!

ವಿಚಾರಣೆಗೆ ನಲವತ್ತು ಜನ ದೋಣಿ ಕಟ್ಟಿಕೊಂಡು ಬಂದರು. ಕಚೇರಿಯ ಕೋಣೆ ಎಷ್ಟಿದೆ ಎಂದರೆ ನಾಲ್ಕು ಕುರ್ಚಿ, ಒಂದು ಬೆಂಚು, ಒಂದು ಕೀಚುಗುಟ್ಟುವ ಫ್ಯಾನು. ಉಳಿದವರೆಲ್ಲ ಕಿಟಕಿಯಲ್ಲಿ. ವಿಚಾರಣೆಯ ಅಧ್ಯಕ್ಷರು ನಿಮ್ಮ ಕಾಗದವನ್ನು ಮೊದಲು ಮನಸ್ಸಿನಲ್ಲೇ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಆಮೇಲೆ ಗಟ್ಟಿಯಾಗಿ ಓದಿದರು. ಕೈ ಬೀಸಿದ ಹೆಂಗಸಿನ ಮಾತು ಬಂದಾಗ ಚಾಪೆಯಕ್ಕ ನನ್ನ ಮೊಣಕೈ ಹಿಡಿದಳು, ಕೊನೆಯವರೆಗೂ ಬಿಡಲಿಲ್ಲ. ಅಜ್ಜಿ ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ. ಅವಳು ಇದ್ದಳೆಂದು ಹೇಳುವ ಸರ್ಕಾರಿ ಕಾಗದ ಇದೊಂದೇ.

ಕಂಪನಿಯ ವಕೀಲರು ಬಿಡಲಿಲ್ಲ. "ಸ್ವಾಮಿ, ಈಗಲೂ ಹೋಗಿ ನೋಡಿ. ವರ್ಷಕ್ಕೆ ಮೂರು ನಾಲ್ಕು ತಿಂಗಳು ಅಲ್ಲಿ ಮನೆಯೇ ಇರಲ್ಲ," ಎಂದರು.

ಚಾಪೆಯಕ್ಕ ಎದ್ದು ನಿಂತಳು. "ಸ್ವಾಮೇರ, ಭಾನುವಾರ ಈ ಕಚೇರೀಲಿ ಯಾರೂ ಇರಲ್ಲ. ಹಾಗಂತ ಇದನ್ನ ಬೀಳು ಅಂತ ಬರ್ಕೊಂಡು ನಾವು ಬಾತುಕೋಳಿ ಬಿಡಬಹುದಾ?"

ಕಿಟಕಿಯವರೆಲ್ಲ ನಕ್ಕರು. ಅಧ್ಯಕ್ಷರೂ ನಕ್ಕರು, ಆಮೇಲೆ ನಗಲಿಲ್ಲವೆಂಬಂತೆ ಕೆಮ್ಮಿದರು. ಸಂಜೆಯೊಳಗೆ ಆದೇಶವಾಯಿತು. ಹಳೆಯ ಹಾಳೆಯಲ್ಲಿ ನಿರ್ಜನ ಎಂಬುದಕ್ಕೆ ಗೆರೆ ಎಳೆದು "ಹಿಂದಿನಿಂದ ಜನವಸತಿ ಇರುವ ಗ್ರಾಮ" ಎಂದು ಬರೆದರು. ಅರವತ್ತಮೂರು ಮನೆಗಳೂ ಪಟ್ಟಿಗೆ ಸೇರಿದವು. ಇನ್ನು ಯಾರೂ ಎಬ್ಬಿಸುವಂತಿಲ್ಲ. ಶಾಲೆ ಕೇಳಬಹುದು, ದಾದಿಯನ್ನು ಕೇಳಬಹುದು. ಆಗಲೇ ಕೇಳಿಯೂ ಆಯಿತು.

ಇನ್ನೊಂದು ಸುದ್ದಿಯನ್ನು ಯಾರೋ ಹೇಳಿ ನಿಮಗೆ ತಿಳಿಯುವ ಬದಲು ನಾನೇ ಹೇಳುತ್ತೇನೆ. ನಿಮ್ಮ ಉಳಿದ ಹಾಳೆಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕೆಂದು ಆದೇಶದ ಕೊನೆಯಲ್ಲಿದೆ. ಕಚೇರಿಯ ತರಬೇತಿ ಕೋಣೆಯಲ್ಲಿ ನೇತುಹಾಕಿದ್ದ ನಿಮ್ಮ ಫೋಟೊ ತೆಗೆದಿದ್ದಾರೆ. ನನಗೆ ಅದು ಸರಿಯೆನಿಸಲಿಲ್ಲ, ಅಲ್ಲೇ ಹೇಳಿಬಂದೆ. ತಪ್ಪು ಒಪ್ಪಿಕೊಂಡವರ ಫೋಟೊ ತೆಗೆದು ಒಪ್ಪಿಕೊಳ್ಳದವರದ್ದನ್ನು ನೇತುಹಾಕುತ್ತೀರಾ ಎಂದೆ.

ನನ್ನ ಕೋಪ ಹೋಯಿತು ಅಪ್ಪ. ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ, ಸುಳ್ಳು ಸಾಕು ನಮಗೆ. ಮುಕ್ಕಾಲು ಹೋಗಿದೆ.

ನಿಮ್ಮ ಮಗಳು

*

ಮೇ 26

ಮಗಳಿಗೆ ಆಶೀರ್ವಾದ.

ಮುಕ್ಕಾಲು ಹೋಗಿದ್ದಕ್ಕೆ ಸಂತೋಷ. ಉಳಿದ ಕಾಲನ್ನು ಜೋಪಾನವಾಗಿ ಇಟ್ಟುಕೋ, ಅದಕ್ಕೆ ಕೆಲಸವಿದೆ.

ನೂರಮೂವತ್ತೊಂಬತ್ತು ಹಾಳೆಗಳನ್ನು ಮತ್ತೆ ನಡೆಯಲು ನಿನ್ನ ಕಚೇರಿಗೆ ಹತ್ತು ವರ್ಷ ಬೇಕು. ಅಷ್ಟು ತೊಂದರೆ ಬೇಡವೆಂದು ನಿನ್ನೆಯೇ ಬರೆದಿದ್ದೇನೆ. ನೂರಮೂವತ್ತೆಂಟು ಗಟ್ಟಿಯಾಗಿವೆ. ಅವುಗಳ ಪ್ರತಿ ಗೇಣೂ ನಾನು ನಡೆದದ್ದು, ಯಾರು ಬೇಕಾದರೂ ಸರಪಳಿ ಹಿಡಿದು ಅಳೆಯಲಿ.

ಉಳಿದ ಒಂದು ಗಟ್ಟಿಯಲ್ಲ. ಮೊದಲ ಸಲ ಪಾರಾದವನಿಗೆ ಎರಡನೆಯ ಸಲ ಧೈರ್ಯ ತಾನಾಗಿ ಬರುತ್ತದೆ. ಎರಡು ವರ್ಷದ ನಂತರ ಇನ್ನೂ ಕೆಳಗೆ, ಅಳಿವೆಯ ಆಚೆ, ಹೀಗೇ ಒಂದು ದಡ. ಆ ಸಲ ದೋಣಿಯವನನ್ನು ಕೇಳಲೂ ಇಲ್ಲ. ಚಹಾ ಕುಡಿಯುತ್ತ ಕೂತಲ್ಲೇ ಬರೆದೆ, ಅದೇ ಮಾತು. ಅಲ್ಲಿಂದ ಇವತ್ತಿನವರೆಗೆ ಯಾರೂ ಕೇಳಿಕೊಂಡು ಬರಲಿಲ್ಲ. ಇಷ್ಟು ವರ್ಷ ಅದನ್ನೇ ನೆಮ್ಮದಿ ಎಂದುಕೊಂಡಿದ್ದೆ. ಈಗ ಅದೇ ನನ್ನನ್ನು ಕೂರಗೊಡುವುದಿಲ್ಲ.

ಎಪ್ಪತ್ತೊಂದನೇ ವಯಸ್ಸಿನಲ್ಲಿ ಎಲ್ಲಿಗೆ ಹೊರಟಿರಿ ಎಂದು ನಿಮ್ಮಮ್ಮ ಕೂಗಾಡಿದಳು. ಕೂಗಾಡಿ ಮುಗಿಸಿ ಅವಳದೂ ಒಂದು ಚೀಲ ತುಂಬಿಕೊಂಡಳು. ಈ ಕಾಗದ ನಿನ್ನ ಕೈ ಸೇರಲೆಂದು ಹತ್ತು ದಿನ ಬಿಟ್ಟು ಬೆಳಗಿನ ಬಸ್ಸು ಹಿಡಿಯುತ್ತೇವೆ. ನೀನು ರಜೆ ಹಾಕಿ ಬರುವುದಾದರೆ ಅಳಿವೆಯಲ್ಲಿ ಸಿಗು, ಬಾರದಿದ್ದರೂ ನಾವು ದಾಟುತ್ತೇವೆ.

ಅಲ್ಲಿ ಜನ ಇದ್ದರೆ ಏನು ಹೇಳಬೇಕೆಂದು ಕಲಿತಿದ್ದೇನೆ. ಇಲ್ಲದಿದ್ದರೆ, ಮೊದಲಿನಿಂದಲೂ ಇರಲಿಲ್ಲವೋ, ನಾನು ಬರೆದ ಮೇಲೆ ಇಲ್ಲವಾದರೋ, ಅದನ್ನು ಯಾರನ್ನು ಕೇಳಬೇಕೆಂದು ಗೊತ್ತಿಲ್ಲ.

ಅಪ್ಪ